ಜಾರಿ ಬೀಳಲೆಂದೇ ನೆಟ್ಟ ಕಂಬ

1956ರ ಕಾಯ್ದೆಯ ನಂತರ ಅಮೆರಿಕದಲ್ಲಿ ಅಂತರರಾಜ್ಯ ಹೆದ್ದಾರಿಗಳು ಹರಡತೊಡಗಿದಾಗ ರಸ್ತೆಯ ಜೊತೆಗೆ ಫಲಕಗಳೂ ಬೆಳೆದವು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಊರಿನ ಹೆಸರು ಓದಬೇಕಾದರೆ ಅಕ್ಷರ ದೊಡ್ಡದಿರಬೇಕು. ಅಕ್ಷರ ದೊಡ್ಡದಾದರೆ ಫಲಕವೂ ದೊಡ್ಡದು. ಅದು ಗಾಳಿಗೆ ಬೀಳದಿರಲು ದಪ್ಪ ಉಕ್ಕಿನ ತೊಲೆ, ಬುಡಕ್ಕೆ ಕಾಂಕ್ರೀಟು. ಎಂಜಿನಿಯರುಗಳ ಲೆಕ್ಕದಲ್ಲಿ ಗಾಳಿ ಇತ್ತು, ಕಾರು ಇರಲಿಲ್ಲ.

ದಾರಿ ತೋರಿಸುವ ಕಂಬವೇ ದಾರಿ ತಪ್ಪಿದವನನ್ನು ಕೊಲ್ಲತೊಡಗಿತು. ಅದರಲ್ಲೂ ಹೆದ್ದಾರಿ ಕವಲೊಡೆಯುವ ಜಾಗ. ಹೋಗಲೋ ಬೇಡವೋ ಎಂದು ಕೊನೆಯ ಗಳಿಗೆಯಲ್ಲಿ ಸ್ಟೇರಿಂಗ್ ತಿರುಗಿಸಿದವನು ನುಗ್ಗುವುದು ಎರಡು ರಸ್ತೆಗಳ ನಡುವಿನ ಮೂಲೆಗೆ. ಎಕ್ಸಿಟ್ ಫಲಕ ನಿಲ್ಲಿಸುತ್ತಿದ್ದದ್ದೂ ಅಲ್ಲೇ.

ರಸ್ತೆ ಬಿಟ್ಟವನು ಕುಡಿದಿರಬೇಕು, ಇಲ್ಲವೇ ತೂಕಡಿಸಿರಬೇಕು, ತಪ್ಪು ಅವನದೇ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಅದನ್ನು ಅಲುಗಾಡಿಸಿದವರಲ್ಲಿ ಜನರಲ್ ಮೋಟಾರ್ಸ್‌ನ ಕೆನೆತ್ ಸ್ಟೋನೆಕ್ಸ್ ಒಬ್ಬರು. ಮಿಶಿಗನ್ನಿನ ಮಿಲ್ಫರ್ಡ್‌ನಲ್ಲಿದ್ದ ಕಂಪನಿಯ ಪರೀಕ್ಷಾ ಮೈದಾನದಲ್ಲಿ ಓಡಿಸುತ್ತಿದ್ದವರು ಪಳಗಿದ ಚಾಲಕರು. ಆದರೂ ಕಾರುಗಳು ರಸ್ತೆ ಬಿಡುತ್ತಿದ್ದವು. ಹಾಗೆ ಬಿಟ್ಟವುಗಳಲ್ಲಿ ಸುಮಾರು ಶೇ 80ರಷ್ಟು 30 ಅಡಿಯೊಳಗೇ ಹಿಡಿತಕ್ಕೆ ಬರುತ್ತವೆ ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿನ ಅನುಭವದಿಂದ. ಅಂದರೆ ಪಕ್ಕದಲ್ಲಿ 30 ಅಡಿ ಬಯಲಿರಲಿ. ಮರ ಕಡಿಯಬಹುದು, ಬಂಡೆ ಸರಿಸಬಹುದು. ಫಲಕವನ್ನು ಮಾತ್ರ ಕಣ್ಣಿಗೆ ಕಾಣದಷ್ಟು ದೂರ ಕಳಿಸುವಂತಿಲ್ಲ.

ಇದಕ್ಕೆ ಉಪಾಯ ಬಂದದ್ದು 1960ರ ದಶಕದ ನಡುವಿನಲ್ಲಿ, ಟೆಕ್ಸಸ್ ಸಾರಿಗೆ ಸಂಸ್ಥೆಯ ಸಂಶೋಧಕರಿಂದ. ಕಂಬವನ್ನು ನೆಲದ ಹತ್ತಿರ ಎರಡು ತುಂಡು ಮಾಡಿ, ಎರಡಕ್ಕೂ ಉಕ್ಕಿನ ತಟ್ಟೆ ಬೆಸೆದು, ಬೋಲ್ಟು ಹಾಕಿದರು. ಬೋಲ್ಟಿನ ತೂತು ದುಂಡಗಿಲ್ಲ. ತಟ್ಟೆಯ ಅಂಚಿಗೆ ಬಾಯಿ ತೆರೆದ ಕಚ್ಚು. ಗಾಳಿ ಮೇಲಿನ ಫಲಕವನ್ನು ತಳ್ಳಿದಾಗ ಬೋಲ್ಟುಗಳು ಕಂಬ ಉರುಳದಂತೆ ಎಳೆದು ಹಿಡಿಯುತ್ತವೆ. ಕಾರು ಬುಡಕ್ಕೆ ಗುದ್ದಿದರೆ ತಟ್ಟೆ ತಟ್ಟೆಯ ಮೇಲೆ ಜಾರಿ, ಬೋಲ್ಟು ಕಚ್ಚಿನಿಂದ ಹೊರಗೆ. ಫಲಕದ ಕೆಳಗೆ ಕಂಬವನ್ನು ಅರೆಬರೆ ಕೊಯ್ದು ಬಾಗಿಲ ತಿರುಗಣಿಯಂತೆ ಮಾಡಿರುತ್ತಾರೆ. ಗುದ್ದಿದ ಕಂಬ ಮೇಲಕ್ಕೆ ಮಡಚಿಕೊಳ್ಳುತ್ತದೆ, ಕಾರು ಅಡಿಯಿಂದ ಸಾಗಿಹೋಗುತ್ತದೆ, ಫಲಕ ಇನ್ನೊಂದು ಕಂಬದ ಆಸರೆಯಲ್ಲಿ ನಿಂತಿರುತ್ತದೆ.

ಇಲ್ಲೊಂದು ತಮಾಷೆ. ಬೋಲ್ಟನ್ನು ಹೇಳಿದ್ದಕ್ಕಿಂತ ಹೆಚ್ಚು ಬಿಗಿದರೆ ತಟ್ಟೆ ಜಾರುವುದಿಲ್ಲ. ಗಟ್ಟಿಯಾಗಿ ಬಿಗಿ ಎನ್ನುವ ಮೇಸ್ತ್ರಿಯ ಒಳ್ಳೆಯ ಬುದ್ಧಿಯೇ ಅಪಾಯ. ನೆಲದಲ್ಲಿ ಉಳಿಯುವ ಮೋಟು 4 ಇಂಚಿಗಿಂತ ಎತ್ತರವಿರಬಾರದು, ಕಾರಿನ ತಳಕ್ಕೆ ತಗಲುತ್ತದೆ. ಸಣ್ಣ ಫಲಕಗಳಿಗಾದರೆ ಇಷ್ಟೆಲ್ಲ ಬೇಡ. ಮರದ ಕಂಬದ ಬುಡದಲ್ಲಿ ತೂತು ಕೊರೆದರೆ ಅಲ್ಲೇ ಮುರಿಯುತ್ತದೆ.

ಉಪಾಯ ಗೊತ್ತಾದ ಮಾತ್ರಕ್ಕೆ ಇಲಾಖೆಗಳು ಕದಲಲಿಲ್ಲ. 1967ರಲ್ಲಿ ಜಾನ್ ಬ್ಲಾಟ್ನಿಕ್ ಅಧ್ಯಕ್ಷತೆಯ ಸಂಸದೀಯ ಉಪಸಮಿತಿಯ ಮುಂದೆ ಜೋಸೆಫ್ ಲಿಂಕೊ ಎಂಬ ನ್ಯೂಯಾರ್ಕಿನ ಟಿ.ವಿ. ರಿಪೇರಿಯವರು ತಾವೇ ತೆಗೆದ ಫೋಟೊಗಳನ್ನು ತೋರಿಸಿದರು. ಅಲುಗದ ಕಂಬಗಳು, ಯಾವುದನ್ನೂ ಕಾಯದ ತಡೆಬೇಲಿಗಳು. ಎಂಜಿನಿಯರುಗಳು ದಿನವೂ ಅದೇ ರಸ್ತೆಗಳಲ್ಲಿ ಓಡಾಡುತ್ತಿದ್ದರು. ನೋಡಿದ್ದು ಮಾತ್ರ ರಿಪೇರಿಯವರು. ಅದೇ ವರ್ಷ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘದ ಸುರಕ್ಷತಾ ಕೈಪಿಡಿಯೂ ಹೊರಬಂತು. ಹಳದಿ ಪುಸ್ತಕವೆಂದೇ ಅದು ಹೆಸರಾಯಿತು.

ರಸ್ತೆಗೆ ಅಡ್ಡಲಾಗಿ ನಿಲ್ಲುವ ಕಮಾನು ಫಲಕಗಳಿಗೆ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾಣುವಂಥವಕ್ಕೆ, ಈ ಜಾಣ್ಮೆ ಒಗ್ಗುವುದಿಲ್ಲ. ಅಲ್ಲಿ ಕಂಬ ಜಾರಿದರೆ ಉಕ್ಕೆಲ್ಲ ಬೇರೆಯವರ ತಲೆಯ ಮೇಲೆ. ಅಂಥ ಕಂಬದ ಮುಂದೆ ತಡೆಬೇಲಿ ಹಾಕುವುದೊಂದೇ ದಾರಿ.