ಇಂಗ್ಲೆಂಡಿನ ಹಳ್ಳಿಮನೆಗಳ ಅಧ್ಯಯನ

ಇಂಗ್ಲೆಂಡಿನ ಹಳ್ಳಿಗಳ ಪ್ರಾಚೀನ ಕಟ್ಟಡಗಳೆಂದೊಡನೆ ಬಿಳಿಯ ಗೋಡೆಯ ಮೇಲೆ ಕಪ್ಪು ತೊಲೆಗಳು ಎದ್ದು ಕಾಣುವ, ಗುಲಾಬಿಬಳ್ಳಿ ಹಬ್ಬಿದ ಮನೆಯೊಂದು ಓದುಗರ ಕಣ್ಣಮುಂದೆ ನಿಲ್ಲುತ್ತದೆ. ಆ ಕಪ್ಪು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಅಭಿರುಚಿಯ ಲೇಪ; ಅದಕ್ಕೆ ಮೊದಲು, ವಿಶೇಷವಾಗಿ ಪೂರ್ವ ಮತ್ತು ಆಗ್ನೇಯ ಪ್ರಾಂತಗಳಲ್ಲಿ, ಓಕ್ ಮರವನ್ನು ಅದರ ಸಹಜವಾದ ಬೂದುಬಣ್ಣದಲ್ಲಿ ಬಿಡುವುದು, ಇಲ್ಲವೆ ಗೋಡೆಯೊಡನೆ ಸುಣ್ಣ ಬಳಿಯುವುದು ರೂಢಿಯಾಗಿದ್ದಿತು. ಈ ಮಿಥ್ಯಾಚಿತ್ರವೇ ಸಚಿತ್ರ ಗ್ರಂಥಗಳಲ್ಲಿ ಮತ್ತೆ ಪ್ರತಿಷ್ಠೆ ಪಡೆಯುತ್ತಿರುವುದರಿಂದ ಈ ಅಧ್ಯಯನವು ನಡೆದುಬಂದ ದಾರಿಯನ್ನು ನೆನೆಯುವುದು ಉಚಿತ.

1877ರಲ್ಲಿ ವಿಲಿಯಂ ಮಾರಿಸ್ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ಸಂರಕ್ಷಣ ಸಂಘದ ದೃಷ್ಟಿ ಪ್ರಧಾನವಾಗಿ ಚರ್ಚುಗಳ ಮೇಲಿದ್ದಿತು. 1896ರಲ್ಲಿ ನ್ಯಾಷನಲ್ ಟ್ರಸ್ಟ್ ಸಸೆಕ್ಸಿನ ಆಲ್ಫ್ರಿಸ್ಟನ್ ಗ್ರಾಮದ ಹುಲ್ಲುಹೊದಿಕೆಯ ಪಾದ್ರಿಮನೆಯನ್ನು 10 ಪೌಂಡಿಗೆ ಕೊಂಡದ್ದು, ಅದರ ಮೊದಲ ಕಟ್ಟಡವಾದ್ದರಿಂದ, ಸ್ಮರಣೀಯ. ಇಂಗ್ಲಿಷ್ ಮನೆಯ ವಿಕಾಸವನ್ನು ಕುರಿತ ಆ್ಯಡಿಯವರ 1898ರ ಗ್ರಂಥವೂ ಕಟ್ಟಡರಚನೆಯನ್ನು ಕುರಿತ ಇನ್ನೊಸೆಂಟರ 1916ರ ಗ್ರಂಥವೂ ಬಡಗಿಯ ಕೆಲಸಕ್ಕೆ ವಿದ್ವತ್ತಿನ ಮನ್ನಣೆ ತಂದುಕೊಟ್ಟವು. 1951ರಿಂದ 1974ರವರೆಗೆ ಪೆವ್ಸ್‌ನರ್ ಹೊರತಂದ, ಇಂಗ್ಲೆಂಡಿನ ಕಟ್ಟಡಗಳನ್ನು ಕುರಿತ ಮಹಾಮಾಲಿಕೆ ಉಪಕಾರಿಯೇ ಹೌದು. ಆದರೆ ಚರ್ಚಿಗೆ ಪುಟವನ್ನೂ ರೈತನ ಮನೆಗೆ ಪಂಕ್ತಿಯನ್ನೂ ಕೊಡುವ ವಾಡಿಕೆ ಅದರಿಂದಲೇ ಬೇರೂರಿತು.

ನಿಜವಾದ ತಿರುವು ಬಂದದ್ದು 1952ರಲ್ಲಿ ದೇಶೀಯ ವಾಸ್ತುವಿನ ಅಭ್ಯಾಸಿಗಳು ತಮ್ಮದೇ ಬಳಗ ಕಟ್ಟಿಕೊಂಡ ಮೇಲೆ. ಮರುವರ್ಷ ಇತಿಹಾಸಕಾರ ಹಾಸ್ಕಿನ್ಸ್, 1570ರಿಂದ 1640ರವರೆಗೆ ಗ್ರಾಮೀಣ ಇಂಗ್ಲೆಂಡು ತನ್ನ ಮನೆಗಳನ್ನು ಹೊಸತಾಗಿ ಕಟ್ಟಿಕೊಂಡಿತೆಂದು ವಾದಿಸಿದರು. 1977ರಲ್ಲಿ ಮೇಚಿನ್ ಆ ಕಾಲವನ್ನು ಮುಂದಕ್ಕೆ ಸರಿಸಿದರೂ ಪ್ರಶ್ನೆಯನ್ನೆತ್ತಿದ ಕೀರ್ತಿ ಹಾಸ್ಕಿನ್ಸರದೇ. ನಮ್ಮ ಪೀಳಿಗೆಗೆ ಗುರುಸ್ಥಾನದಲ್ಲಿದ್ದವರು ಎಸೆಕ್ಸಿನ ಸೆಸಿಲ್ ಹ್ಯೂಯೆಟ್. ತೊಲೆಗೂ ಕಂಬಕ್ಕೂ ಹಾಕಿದ ಕೀಲುಗಳ ರೀತಿಯಿಂದಲೇ ಕಟ್ಟಡದ ಕಾಲವನ್ನು ಊಹಿಸಬಹುದೆಂದು ತೋರಿಸಿದ ಅವರ ಕೆಲವು ತೀರ್ಮಾನಗಳು ಮುಂದೆ ಬದಲಾದರೂ, ಏಣಿ ಹಾಕಿ ಅಟ್ಟ ಹತ್ತುವುದನ್ನು ನಾವು ಕಲಿತದ್ದು ಅವರಿಂದಲೇ. ಹತ್ತಿ ದೀಪ ಹಿಡಿದರೆ, ಕೆಳಗೆ ಗಾರೆಯ ಒಳಮಾಳಿಗೆಯಿರುವ ಮನೆಯಲ್ಲಿಯೂ ಜಂತೆಗಳಿಗೆ ದಪ್ಪನೆಯ ಮಸಿ ಅಂಟಿರುವುದು ಕಾಣುತ್ತದೆ. ಚಿಮಣಿಯಿಲ್ಲದ ನಡುಮನೆಯಲ್ಲಿ ಒಲೆ ನೆಲದ ಮೇಲೆಯೇ ಉರಿದು ಹೊಗೆ ಸೂರಿಗೇರುತ್ತಿದ್ದ ಕಾಲಕ್ಕೆ ಇದಕ್ಕಿಂತ ದೃಢವಾದ ಸಾಕ್ಷ್ಯ ಬೇಕಿಲ್ಲ. ಪಕ್ಕದ ಕಂಬಗಳಲ್ಲಿ, ನೆಲದ ಮೇಲೆ ಜೋಡಿಸಿ ನೋಡಿ ಬಳಿಕ ಎತ್ತಿ ನಿಲ್ಲಿಸಲೆಂದು ಬಡಗಿಗಳು ಉಳಿಯಿಂದ ಕೊರೆದ ರೋಮನ್ ಅಂಕಿಗಳಿರುತ್ತವೆ. ಓಕನ್ನು ಹಸಿಯಾಗಿಯೇ ಕೆತ್ತುತ್ತಿದ್ದುದರಿಂದ, ತೊಗಟೆಯಂಚಿನ ಕೊನೆಯ ಬೆಳವಣಿಗೆಯ ಉಂಗುರ ಉಳಿದಿದ್ದಲ್ಲಿ, ಉಂಗುರಗಳ ಗಣನೆಯಿಂದ ತಿಳಿಯುವ ಮರ ಕಡಿದ ವರ್ಷವು ಮನೆ ಕಟ್ಟಿದ ವರ್ಷಕ್ಕೆ ಬಹಳ ಸಮೀಪವಾಗುತ್ತದೆ.

ಯಾರ್ಕ್‌ಷೈರಿನ ವಾರಮ್ ಪರ್ಸಿ ಗ್ರಾಮದ ಉತ್ಖನನದಿಂದ, ಮಧ್ಯಯುಗದ ರೈತನ ಮನೆ ಒಂದು ತಲೆಮಾರಿಗೆ ಕುಸಿಯುವ ಗುಡಿಸಲೆಂಬ ಅಭಿಪ್ರಾಯ ಹರಡಿದ್ದಿತು. ಆದರೆ ಬಾಗಿದ ಮರವನ್ನು ಸೀಳಿ, ಕೈಜೋಡಿಸಿದಂತೆ ನೆಲದಿಂದ ನೆತ್ತಿಗೆ ನಿಲ್ಲಿಸಿದ 'ಕ್ರಕ್' ಮನೆಗಳನ್ನು ಆಲ್ಕಾಕ್ ಮತ್ತು ಮೈಲ್ಸ್ ಉಂಗುರಗಣನೆಗೆ ಒಳಪಡಿಸಿ 2013ರಲ್ಲಿ ಪ್ರಕಟಿಸಿದ ಗ್ರಂಥವು, ಮಿಡ್‌ಲ್ಯಾಂಡ್ಸಿನ ಹಳ್ಳಿಗಳಲ್ಲಿ ಮಧ್ಯಯುಗದ ರೈತಮನೆಗಳು ಇಂದಿಗೂ ನಿಂತಿರುವುದನ್ನು ಸ್ಥಾಪಿಸಿತು.

ಆದರೂ ಕೂಲಿಕಾರನ ಒಂದಂಕಣದ ಮನೆ ಅಧ್ಯಯನದ ಹೊರಗೇ ಉಳಿದಿದೆ. ಬೇಗ ಬೆಳೆದ ಸಣ್ಣ ಮರಗಳಲ್ಲಿ ಉಂಗುರಗಳು ಸಾಲವು. ಎಲ್ಮ್ ಮರ ಗಣನೆಗೆ ಸುಲಭವಾಗಿ ಒಗ್ಗದು. ಸಂರಕ್ಷಿತ ಕಟ್ಟಡಗಳ ಮೊದಲ ಪಟ್ಟಿಗಳು ಬಹುಪಾಲು ಬೀದಿಯಿಂದ ನೋಡಿ ಬರೆದವಾದ್ದರಿಂದ, ಇಟ್ಟಿಗೆಯ ಮುಖದ ಹಿಂದೆ ಅಡಗಿದ ಹಳೆಯ ಚೌಕಟ್ಟುಗಳೂ ತಪ್ಪಿಹೋದವು. ಇತ್ತ ಕಣಜಗಳು ವಾಸದ ಮನೆಗಳಾಗಿ ಮಾರ್ಪಡುತ್ತ, ಗೋಡೆಯೊಡೆದು ಕಿಟಕಿಯಿಡುವಾಗ ಕೀಲುಗಳು ಕಡಿದುಹೋಗುತ್ತಿವೆ. ಹೀಗೆ ತಪ್ಪಿಹೋದ ಕಟ್ಟಡಗಳ ಇತಿಹಾಸ ದೊರೆಯಬೇಕಾದದ್ದು ಜಮೀನ್ದಾರಿ ನ್ಯಾಯಾಲಯಗಳ ಸುರುಳಿಗಳಲ್ಲಿ, ಮೃತರ ಆಸ್ತಿಯನ್ನು ಕೋಣೆಕೋಣೆಯಾಗಿ ಬರೆದಿಟ್ಟ ಪಟ್ಟಿಗಳಲ್ಲಿ. ಅವನ್ನು ಓದಬಲ್ಲವನೂ ಅಟ್ಟದಲ್ಲಿ ಅಳತೆ ಹಿಡಿಯಬಲ್ಲವನೂ ಒಂದೇ ಮನೆಯ ಬಾಗಿಲಲ್ಲಿ ಕೂಡಿ ನಿಂತು ಮಾಡಬೇಕಾದ ಕೆಲಸ, ಕೆಡಹುವ ಅಪ್ಪಣೆ ಹೊರಡುವುದಕ್ಕೆ ಮೊದಲೇ ನಡೆಯಬೇಕು.