ಅಡುಗೆಮನೆಯ ಸರದಿ: ಕ್ರೈಸ್ತ ಅಧ್ಯಾತ್ಮದಲ್ಲಿ ನಿತ್ಯದ ಕೆಲಸ

ದಿನನಿತ್ಯದ ಕೆಲಸದಲ್ಲೇ ದೇವರನ್ನು ಕಾಣಬಹುದು ಎಂಬ ಮಾತು ಈಚಿನ ಕ್ರೈಸ್ತ ಭಕ್ತಿಸಾಹಿತ್ಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಮನಸ್ಸು ದೇವರಲ್ಲಿ ನೆಟ್ಟಿದ್ದರೆ ಆ ಕೆಲಸವೇ ಪ್ರಾರ್ಥನೆ ಎನ್ನಲಾಗುತ್ತದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಾಲ್ಕನೇ ಶತಮಾನದಿಂದ ಈ ಚಿಂತನೆ ನಡೆದುಬಂದ ಹಾದಿಯನ್ನು ನೋಡಿದರೆ, ಕೆಲಸಕ್ಕೆ ಅರ್ಥ ಬಂದದ್ದು ಮಾಡುವವರ ಮನಸ್ಸಿನಿಂದ ಮಾತ್ರವಲ್ಲ ಎಂಬುದು ಗೊತ್ತಾಗುತ್ತದೆ. ಅದರ ಫಲ ಯಾರನ್ನು ಮುಟ್ಟುತ್ತದೆ, ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳನ್ನೂ ಹಳಬರು ಬಿಡದೆ ಕೇಳಿದ್ದರು. ಆ ಪ್ರಶ್ನೆಗಳು ಬರಬರುತ್ತ ಹಿಂದೆ ಸರಿದವು. ಅವನ್ನು ಮರಳಿ ಕೇಳದೆ ಈ ಅಧ್ಯಾತ್ಮ ನಿಲ್ಲಲಾರದು.

ಎಡೆಬಿಡದೆ ಪ್ರಾರ್ಥಿಸಬೇಕೆಂದು ಥೆಸಲೋನಿಕದವರಿಗೆ ಬರೆದ ಪೌಲ ಸ್ವತಃ ಗುಡಾರ ಮಾಡುವ ಕಸುಬಿನವನು. ಹಾಗಾದರೆ ದುಡಿಯುವ ಹೊತ್ತಿನಲ್ಲಿ ಪ್ರಾರ್ಥನೆ ಹೇಗೆ? ಈಜಿಪ್ಟಿನ ಮರುಭೂಮಿಯ ತಪಸ್ವಿಗಳನ್ನು ಈ ಪ್ರಶ್ನೆ ನಿಜವಾಗಿಯೂ ಕಾಡಿತ್ತು. ಪ್ರಾರ್ಥನೆಯೊಂದೇ ಸಾಕು, ಕೈಗೆಲಸ ಬೇಡ ಎನ್ನುವ ಗುಂಪೊಂದು ಆಗ ಇತ್ತು. ಅಂಥವರು ತನ್ನಲ್ಲಿಗೆ ಬಂದಾಗ ಲೂಸಿಯಸ್ ಎಂಬ ಹಿರಿಯ, ನೀವು ಉಣ್ಣುವಾಗ, ನಿದ್ದೆ ಮಾಡುವಾಗ ಪ್ರಾರ್ಥಿಸುವವರು ಯಾರು ಎಂದು ಕೇಳಿದನಂತೆ. ತಾನು ಕೀರ್ತನೆ ಹೇಳುತ್ತ ಹಗ್ಗ ಹೆಣೆಯುತ್ತೇನೆ, ಬಂದ ಹಣದಲ್ಲಿ ಎರಡು ನಾಣ್ಯ ಬಾಗಿಲಲ್ಲಿ ಇಡುತ್ತೇನೆ, ಅದನ್ನು ತೆಗೆದುಕೊಂಡವರು ನಾನು ಮಲಗಿದಾಗ ನನಗಾಗಿ ಪ್ರಾರ್ಥಿಸುತ್ತಾರೆ ಎಂಬುದು ಅವನ ವಿವರಣೆ. ಈ ಕಥೆಯನ್ನು ಹಗ್ಗ ಹೆಣೆಯುವಾಗಿನ ಏಕಾಗ್ರತೆಯ ಪಾಠವಾಗಿ ಓದುವವರೇ ಹೆಚ್ಚು. ಆದರೆ ಅದರ ತಿರುಳಿರುವುದು ಬಾಗಿಲ ಬಳಿಯ ನಾಣ್ಯದಲ್ಲಿ. ಆ ನಾಣ್ಯವನ್ನು ತೆಗೆದುಕೊಳ್ಳುವ ಬಡವನಿಲ್ಲದೆ ಲೂಸಿಯಸ್‌ನ ಎಡೆಬಿಡದ ಪ್ರಾರ್ಥನೆ ಪೂರ್ತಿಯಾಗುವುದೇ ಇಲ್ಲ.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ ಇದನ್ನು ಮಠದ ಕಟ್ಟಳೆಯನ್ನಾಗಿ ಮಾಡಿದ. ಅವನ ನಿಯಮಾವಳಿಯ 73 ಅಧ್ಯಾಯಗಳಲ್ಲಿ ಉಗ್ರಾಣಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ಮಠದ ಎಲ್ಲ ಪಾತ್ರೆ ಪರಡಿಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಅದು ಹೇಳುತ್ತದೆ. ಈ ಮಾತು ಈಗ ಪ್ರಸಿದ್ಧ. ಅಡುಗೆಮನೆ ಕುರಿತ 35ನೇ ಅಧ್ಯಾಯ ಅಷ್ಟು ಪ್ರಸಿದ್ಧವಲ್ಲ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಕಾಯಿಲೆಯವರು, ಮಠದ ಮಹತ್ತ್ವದ ಹೊಣೆ ಹೊತ್ತವರು ಇಂಥ ಕೆಲವರನ್ನು ಬಿಟ್ಟು ಪ್ರತಿಯೊಬ್ಬನೂ ವಾರದ ಸರದಿಯಲ್ಲಿ ಅಡುಗೆಮನೆಗೆ ಇಳಿಯಬೇಕು. ಮೈಯಲ್ಲಿ ಶಕ್ತಿ ಕಡಿಮೆ ಇದ್ದವನಿಗೆ ನೆರವು ಕೊಡಬೇಕು. ಶನಿವಾರ ಸರದಿ ಮುಗಿಸುವವನು ಪಾತ್ರೆಗಳನ್ನು ತೊಳೆದು ಚೊಕ್ಕಟವಾಗಿ ಒಪ್ಪಿಸಬೇಕು. ಅವನೂ ಹೊಸದಾಗಿ ಬರುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಬಡಿಸುವವರು ಗೊಣಗದೆ ಬಡಿಸಲೆಂದು ಊಟಕ್ಕೆ ಮೊದಲೇ ಅವರಿಗೆ ಹೆಚ್ಚುವರಿ ರೊಟ್ಟಿ, ಕುಡಿಯಲು ಒಂದಿಷ್ಟು ಪಾನೀಯ. ಹಸಿದವನಿಗೆ ಭಕ್ತಿಯ ಉಪದೇಶ ಮಾಡುವ ಬದಲು ಮೊದಲು ರೊಟ್ಟಿ ಕೊಡುವ ಈ ವಿವೇಕ ದೊಡ್ಡದು. ಇಲ್ಲಿ ಪಾವಿತ್ರ್ಯಕ್ಕೂ ಸರದಿಗೂ ಬಿಡಿಸಲಾಗದ ನಂಟಿದೆ.

ಈ ನಂಟು ಮುಂದೆ ಸಡಿಲವಾಯಿತು. ಮಧ್ಯಯುಗದಲ್ಲಿ ಸಿಸ್ಟರ್ಶಿಯನ್ ಮೊದಲಾದ ಮಠಗಳು ಹೊಲಗದ್ದೆಯ ಭಾರದ ದುಡಿಮೆಯನ್ನು ಬಹುಮಟ್ಟಿಗೆ, ಹೆಚ್ಚಾಗಿ ಓದುಬರಹ ಬಾರದ ಸಾಮಾನ್ಯ ಸಹೋದರರಿಗೆ ವಹಿಸಿದವು. ಗಾನವೃಂದದ ಸನ್ಯಾಸಿಗಳ ಮುಖ್ಯ ಹೊಣೆ ಆರಾಧನೆಯಾಯಿತು. ಹದಿನೇಳನೇ ಶತಮಾನದ ಸಹೋದರ ಲಾರೆನ್ಸನನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಲೊರೇನ್ ಪ್ರಾಂತದ ಈ ಮಾಜಿ ಸೈನಿಕ 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠಕ್ಕೆ ಸಾಮಾನ್ಯ ಸಹೋದರನಾಗಿ ಸೇರಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದ, ಆಮೇಲೆ ಚಪ್ಪಲಿ ರಿಪೇರಿ ಮಾಡಿದ. 1691ರಲ್ಲಿ ಅವನು ತೀರಿಕೊಂಡ ಮೇಲೆ ಬೊಫೋರ್ ಎಂಬ ಗುರು ಅವನ ಮಾತು, ಪತ್ರಗಳನ್ನು ಪ್ರಕಟಿಸಿದ. ದೇವರ ಸನ್ನಿಧಿಯ ಅಭ್ಯಾಸವನ್ನು ಹೇಳುವ ಆ ಪುಟ್ಟ ಗ್ರಂಥ ಇಂದಿಗೂ ಓದಿನಲ್ಲಿದೆ. ಅಡುಗೆ ಕೆಲಸವೆಂದರೆ ಲಾರೆನ್ಸನಿಗೆ ಸ್ವಭಾವತಃ ಜಿಗುಪ್ಸೆಯಿತ್ತೆಂದು ಅದರಲ್ಲೇ ದಾಖಲಾಗಿದೆ. ಆ ಕೆಲಸ ಅವನ ಪಾಲಿಗೆ ವಾರದ ಸರದಿಯಾಗಿರಲಿಲ್ಲ. ಮಠದಲ್ಲಿ ಅವನಿಗಿದ್ದ ಸ್ಥಾನವೇ ಅದನ್ನು ತಂದೊಡ್ಡಿತ್ತು. ಅವನ ಪ್ರೀತಿ ಅಪ್ಪಟ. ಆದರೆ ಓದುಗರು ಅವನಿಂದ ಒಳಮನಸ್ಸಿನ ಸಾಧನೆಯನ್ನಷ್ಟೇ ಎತ್ತಿಕೊಂಡರು, ಅವನನ್ನು ಆ ಒಲೆಯ ಮುಂದೆ ನಿಲ್ಲಿಸಿದ ವ್ಯವಸ್ಥೆಯನ್ನು ಮರೆತರು.

ಇದಕ್ಕೂ ಮೊದಲೇ ಧರ್ಮಸುಧಾರಕ ಲೂಥರ್ ಬೇರೊಂದು ಬಾಗಿಲು ತೆರೆದಿದ್ದ. ದೇವರ ಕರೆ ಗುರುಗಳಿಗೂ ಸನ್ಯಾಸಿಗಳಿಗೂ ಮೀಸಲಲ್ಲ, ಕುಟುಂಬ ಮತ್ತು ಕಸುಬುಗಳಲ್ಲೂ ಇದೆ ಎಂಬುದು ಅವನ ನಿಲುವು. 1522ರಲ್ಲಿ ವಿವಾಹ ಕುರಿತು ಬರೆಯುವಾಗ, ವಿಶ್ವಾಸದಿಂದ ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಕಂಡು ದೇವರು ಮೆಚ್ಚುತ್ತಾನೆ ಎಂದ. ಬಟ್ಟೆ ಒಗೆಯುವವನು ತಂದೆ ಎಂಬುದನ್ನು ಗಮನಿಸಬೇಕು. ಅವನ ಚಿಂತನೆಯಲ್ಲಿ ಕೆಲಸದ ಗುರಿ ನೆರೆಯವನ ಒಳಿತು. ದುಡಿಮೆಯೇ ಸದ್ಗುಣವಾಗಿ, ನೆರೆಯವನು ಮರೆಯಾದಾಗ ಏನಾಗುತ್ತದೆ ಎಂಬುದನ್ನು 1904-05ರಲ್ಲಿ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ವಿವರಿಸಿದ. ಈ ಎಳೆದಾಟ ನಮ್ಮ ಕರಾವಳಿಯಲ್ಲೂ ನಡೆದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರವಾಗಿ ಜಾತಿಯ ಆಸರೆ ಮತ್ತು ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆ, ಮುದ್ರಣ, 1865ರಿಂದ ಹೆಂಚಿನ ಕಾರ್ಖಾನೆ ನಡೆಸಿತು. ಅದು ನೆರೆಯವನಿಗಾಗಿ ಹುಟ್ಟಿದ ಕೆಲಸವೇ. ಆದರೆ ಸಭೆಯ ಹಿರಿಯರೇ ಉದ್ಯೋಗದಾತರೂ ಆದಾಗ ಭಕ್ತಿ ಎಲ್ಲಿ ಮುಗಿಯುತ್ತದೆ, ಕಾರ್ಖಾನೆಯ ಶಿಸ್ತು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

ಮಾರ್ಥಾಳ ಪ್ರಸಂಗವನ್ನು ಮುಂದಿಟ್ಟು ಆಕ್ಷೇಪಿಸುವವರಿದ್ದಾರೆ. ಉಪಚಾರದಲ್ಲಿ ಮುಳುಗಿದ್ದ ಅವಳಿಗಿಂತ ಪಾದದ ಬಳಿ ಕುಳಿತು ಕೇಳಿದ ಮರಿಯಳನ್ನೇ ಯೇಸು ಮೆಚ್ಚಲಿಲ್ಲವೇ? ಲೂಕನ ಸುವಾರ್ತೆಯಲ್ಲಿ ಯೇಸು ಎತ್ತಿ ಹೇಳಿದ್ದು ಮಾರ್ಥಾಳ ಹಲವು ಚಿಂತೆಗಳನ್ನು, ತಳಮಳವನ್ನು. ಬಡಿಸುವುದು ತಪ್ಪೆಂದು ಅಲ್ಲಿಲ್ಲ. ಜರ್ಮನಿಯ ಅನುಭಾವಿ ಎಕಾರ್ಟ್ ಅಂತೂ ಮಾರ್ಥಾಳೇ ಹೆಚ್ಚು ಪಕ್ವಳೆಂದು ಬೋಧಿಸಿದ. ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು: ಚಾಕರಿಗೆ ಪಾವಿತ್ರ್ಯ ಹಚ್ಚಿದರೆ ಚಾಕರಿ ಮಾಡುವವರ ಬಾಯಿ ಮುಚ್ಚಿಸಿದಂತೆ. ಇದನ್ನು ತಳ್ಳಿಹಾಕಲಾಗದು, ಹಾಗೆ ಆಗಿದೆ. ಆದರೆ ಅದಕ್ಕೆ ಉತ್ತರ ಇದೇ ಪರಂಪರೆಯಲ್ಲಿದೆ. ಪಾತ್ರೆ ಪವಿತ್ರ ಎಂದ ಕಟ್ಟಳೆಯೇ ಅದನ್ನು ಎಲ್ಲರೂ ತೊಳೆಯಬೇಕು ಎಂದೂ ಹೇಳಿತ್ತು. ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟವರಿಂದ ಅನ್ಯಾಯವಾಯಿತು.

ಈಚಿನ ಬರವಣಿಗೆಯನ್ನು ಈ ಅಳತೆಯಿಂದಲೇ ನೋಡಬೇಕು. 1998ರಲ್ಲಿ ಅಮೆರಿಕದ ಕ್ಯಾಥ್ಲೀನ್ ನಾರಿಸ್ ಬಟ್ಟೆ ಒಗೆಯುವುದನ್ನೂ ಆರಾಧನೆಯನ್ನೂ ಒಟ್ಟಿಗಿಟ್ಟು ಬರೆದಾಗ, ಹೆಂಗಸರ ಕೆಲಸ ಎನಿಸಿಕೊಂಡದ್ದನ್ನು ಪುಸ್ತಕದ ಹೆಸರಿನಲ್ಲೇ ತಂದರು. 2016ರಲ್ಲಿ ಟಿಶ್ ಹ್ಯಾರಿಸನ್ ವಾರೆನ್ ಹಾಸಿಗೆ ಸರಿಪಡಿಸುವುದರಿಂದ ರಾತ್ರಿಯ ನಿದ್ದೆಯವರೆಗೆ ಒಂದು ಸಾಮಾನ್ಯ ದಿನವನ್ನು ಆರಾಧನಾ ಕ್ರಮದಂತೆ ಬಿಡಿಸಿಟ್ಟರು. ಎರಡೂ ಒಳ್ಳೆಯ ಪುಸ್ತಕಗಳು. ಆದರೆ ಮನೆಗೆಲಸಕ್ಕೆ ಇನ್ನೊಬ್ಬಾಕೆ ಬರುವ ನಮ್ಮ ಊರುಗಳ ಮನೆಗಳಲ್ಲಿ ಓದುವಾಗ, ಆ ಹಾಸಿಗೆಯನ್ನು ಸರಿಪಡಿಸುವವಳು ಯಾರು ಎಂದು ಕೇಳಲೇಬೇಕಾಗುತ್ತದೆ. ಲಾರೆನ್ಸನ ಮಾತು ಉಳಿದದ್ದು ಬೊಫೋರ್ ಕುಳಿತು ಕೇಳಿ ಬರೆದುಕೊಂಡದ್ದರಿಂದ. ಬೇರೆಯವರ ಮನೆಯ ಪಾತ್ರೆ ತೊಳೆದು ಬದುಕುವ ಕ್ರೈಸ್ತ ಹೆಂಗಸರ ಪ್ರಾರ್ಥನೆಯನ್ನೂ, ಅವರು ಯಾವ ಕೆಲಸಕ್ಕೆ ಬೇಡವೆನ್ನುತ್ತಾರೆ ಎಂಬುದನ್ನೂ ಹಾಗೆಯೇ ಕೇಳಿ ಬರೆದುಕೊಳ್ಳುವವರು ಕನ್ನಡದಲ್ಲಿ ಹೆಚ್ಚಬೇಕು.