ಫಾರಿನ್ ಓದು: ಯಾವ ದೇಶಕ್ಕೆ ಎಷ್ಟು ಖರ್ಚು? ಸಾಲ ಮಾಡೋ ಮುಂಚೆ ಓದ್ರಿ

ಖಜೂರಿ: ರಿಸಲ್ಟ್ ಬಂತಂದ್ರ ಸಾಕು, ‘ಜರ್ಮನಿಯಲ್ಲಿ ಫೀ ಇಲ್ಲ’, ‘ರಷ್ಯಾದಲ್ಲಿ ಎಂಬಿಬಿಎಸ್ ಅಗ್ಗ’ ಅನ್ನೋ ಜಾಹೀರಾತು ಮೊಬೈಲಿಗೆ ಬರ್ತಾವ. ಹೊಲ, ಮನೆ ಅಡಮಾನ ಇಡೋ ಮುಂಚೆ ಪಾಲಕರು ಫೀ ಒಂದೇ ಅಲ್ಲ, ಪೂರ್ತಿ ಖರ್ಚು ಕೂಡಿಸಿ ನೋಡಬೇಕು.

ಜರ್ಮನಿ: ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಅದ. ಆದರೆ ವೀಸಾ ಬೇಕಂದ್ರ ಒಂದು ವರ್ಷದ ಊಟ, ಬಾಡಿಗೆ ಖರ್ಚಿಗೆ 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು (2024ರ ಸೆಪ್ಟೆಂಬರ್‌ನಿಂದ ಜಾರಿಯಾದ ಮೊತ್ತ). ಯೂರೋಗೆ 100 ರೂ. ಹಿಡಿದರೂ ಸುಮಾರು 12 ಲಕ್ಷ. ಇದು ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೋದಂತೆ ಸಿಗುತ್ತದೆ.

ನಾರ್ವೆ: ಮೊದಲು ಎಲ್ಲರಿಗೂ ಉಚಿತ ಇತ್ತು. 2023ರಿಂದ ಯುರೋಪಿನ ಹೊರಗಿನವರಿಗೆ ಫೀ ಶುರುವಾಗಿದೆ. ಹಳೇ ವಿಡಿಯೋ ನಂಬಬ್ಯಾಡ್ರಿ.

ಇಂಗ್ಲೆಂಡ್: 2025-26ರಲ್ಲಿ ಅಲ್ಲಿನವರಿಗೇ ಡಿಗ್ರಿ ಫೀ ವರ್ಷಕ್ಕೆ ಗರಿಷ್ಠ 9,535 ಪೌಂಡ್. ಹೊರದೇಶದವರಿಗೆ ಈ ಮಿತಿ ಇಲ್ಲ, ವಿವಿ ಹೇಳಿದ್ದೇ ಫೀ.

ಹೊರದೇಶದ ಎಂಬಿಬಿಎಸ್: ಇಲ್ಲಿನ ಖಾಸಗಿ ಕಾಲೇಜಿನ ಫೀ ಕಟ್ಟಲಾಗದವರೇ ಹೆಚ್ಚಾಗಿ ಹೋಗ್ತಾರ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ ಹಾವೇರಿ ಜಿಲ್ಲೆಯ ನವೀನ್ ಕೂಡ ಅಲ್ಲಿ ಎಂಬಿಬಿಎಸ್ ಓದುತ್ತಿದ್ದರು. ಹೋಗೋ ಮುಂಚೆ ನೀಟ್ ಪಾಸಾಗಿರಬೇಕು. ಕೋರ್ಸ್ ಇಂಗ್ಲಿಷ್ ಮಾಧ್ಯಮದಲ್ಲಿ, ಕನಿಷ್ಠ 54 ತಿಂಗಳು ಇರಬೇಕು. ಬಂದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗಿ ಇಂಟರ್ನ್‌ಶಿಪ್ ಮಾಡಬೇಕು. ಇಲ್ಲಾಂದ್ರ ಇಲ್ಲಿ ಪ್ರಾಕ್ಟೀಸ್ ಮಾಡೋಕಾಗಲ್ಲ.

ಸಾಲದ ಲೆಕ್ಕ: 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳ್ತಾವ. ಶೇ 10ರ ಬಡ್ಡಿಗೆ 20 ಲಕ್ಷ ಒಮ್ಮೆಗೇ ಪಡೆದರೆ ವರ್ಷಕ್ಕೆ 2 ಲಕ್ಷ ಬಡ್ಡಿ. ಎರಡು ವರ್ಷದ ಕೋರ್ಸ್, ಆಮೇಲೆ ಒಂದು ವರ್ಷ ವಿನಾಯಿತಿ ಅಂದ್ರ ಮೊದಲ ಕಂತು ಕಟ್ಟೋದ್ರೊಳಗೆ ಬಡ್ಡಿಯೇ 6 ಲಕ್ಷ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಹೊರದೇಶದ ಓದಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಅದ.

ನಮ್ಮ ತಾಲೂಕಿನಲ್ಲೇ: ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಪ್ರವೇಶಕ್ಕೆ ಸಿಯುಇಟಿ ಬರೀಬೇಕು. 1980ರ ಗುಲಬರ್ಗಾ ವಿವಿ ಕಲಬುರಗಿಯಲ್ಲಿದೆ. ಎರಡೂ ಸರ್ಕಾರಿ.

ಏಜೆಂಟರಿಗೆ ಹಣ ಕೊಡೋ ಮುಂಚೆ ಮೂರು ಪ್ರಶ್ನೆ ಕೇಳ್ರಿ: ಒಟ್ಟು ಖರ್ಚೆಷ್ಟು? ಈ ಡಿಗ್ರಿ ಇಲ್ಲಿ ನಡೀತದೇನು? ಮೊದಲ ಕಂತು ಎಂದಿನಿಂದ? ಉತ್ತರ ಬರವಣಿಗೆಯಲ್ಲೇ ತಗೊಳ್ರಿ.